ಶಾಕ್ ಆಗ್ತೀರಾ!

"ಸರಸಕ್ಕ, ಇದನ್ನ ನೋಡಿ, ಶಾಕ್ ಆಗ್ತೀರಾ!" ಎನ್ನುತ್ತಲೇ ನಾಣಿ ಒಳಗೆ ಬಂದ. ಒಂದು ಚಪ್ಪಲಿ ಹೊಸಿಲಾಚೆ, ಇನ್ನೊಂದು ಕಾಲಲ್ಲೇ.

ಮೊಬೈಲಿನಲ್ಲಿ ಎರಡು ಫೋಟೋ. ಎಡಗಡೆ ಎರಡು ಜಡೆ, ಕಾಡಿಗೆ ಕಣ್ಣು. ಬಲಗಡೆ ಕನ್ನಡಕ, ನರೆಗೂದಲು. ನಡುವೆ ದಪ್ಪನೆಯ ಕೆಂಪು ಬಾಣ. ಕೆಳಗೆ, 'ಅಂದಿನ ಸ್ಟಾರ್ ನಟಿ ಈಗ ಹೇಗಾಗಿದ್ದಾರೆ ಗೊತ್ತಾ?'

ಸರಸಕ್ಕ ಕಣ್ಣು ಕಿರಿದು ಮಾಡಿ ನೋಡಿದರು. "ವಯಸ್ಸಾಗಿದೆ."

"ಅದೇ ಶಾಕು!"

"ನಲವತ್ತು ವರ್ಷ ಆದ್ಮೇಲೂ ಎರಡು ಜಡೆ ಹಾಕ್ಕೊಂಡು ಹಾಗೇ ಕೂತಿದ್ರೆ ನಾನು ಶಾಕ್ ಆಗ್ತಿದ್ದೆ ಕಣೋ. ಡಾಕ್ಟರಿಗೂ ಹೇಳಿಕಳಿಸ್ತಿದ್ದೆ."

ವಿಡಿಯೋ 11 ನಿಮಿಷ. ಹುಟ್ಟಿದ್ದು, ಮೊದಲ ಸಿನಿಮಾ, ಮದುವೆ. ನಡುನಡುವೆ 'ಅದಕ್ಕೂ ಮುಂಚೆ ನಮ್ಮ ಚಾನೆಲ್ ಸಬ್‌ಸ್ಕ್ರೈಬ್ ಮಾಡಿ'. ಕಡೇ ನಿಮಿಷದಲ್ಲಿ ಗುಟ್ಟು ರಟ್ಟಾಯಿತು. ಆಕೆ ಮಗಳ ಮನೆಯಲ್ಲಿ ಆರಾಮಾಗಿದ್ದಾರೆ.

"ಇಷ್ಟೇನಾ?" ಸೀನು ಮುಖ ಸಣ್ಣದು ಮಾಡಿಕೊಂಡ. "ಪಾಪ, ಏನೋ ಕಷ್ಟದಲ್ಲಿದಾರೆ ಅಂದ್ಕೊಂಡೆ."

"ಆರಾಮಾಗಿದ್ದಾರೆ ಅಂತ ನಿಂಗೆ ಬೇಜಾರಾ?"

"ಲೀಲಾವತಿಯಮ್ಮಂದೂ ಹೀಗೇ ಒಂದು ನೋಡಿದ್ದೆ," ಎಂದ ನಾಣಿ. "ನೆಲಮಂಗಲದ ಹತ್ತಿರ ಸೋಲದೇವನಹಳ್ಳಿ. ತೋಟ ಮಾಡ್ಕೊಂಡಿದ್ರು."

"ಆ ಊರಿಗೆ ಆಸ್ಪತ್ರೆ ಕಟ್ಟಿಸಿದ್ರಲ್ಲ, ಅದಕ್ಕೆ ಬಾಣ ಹಾಕಿದ್ರಾ?"

ನಾಣಿ ತಲೆ ಕೆರೆದುಕೊಂಡ. "ಇಲ್ಲ. ಬಾಣ ಕೆನ್ನೆ ಮೇಲಿತ್ತು."

"ಅದಿರಲಿ, ಹೀರೊಗಳಿಗೆ ಯಾಕಪ್ಪಾ ಬಾಣ ಇಲ್ಲ?"

"ಅವರು ಇನ್ನೂ ಹೀರೊನೇ ಅಲ್ವಾ ಅಕ್ಕ," ಎಂದ ಸೀನು, ಬಹಳ ಸಹಜವಾಗಿ.

ಅದೇ ಅವನು ಮಾಡಿದ ತಪ್ಪು. ಸರಸಕ್ಕ ಕುರ್ಚಿ ಮುಂದಕ್ಕೆ ಎಳೆದುಕೊಂಡರು.

"1954. ಬೇಡರ ಕಣ್ಣಪ್ಪ. ರಾಜ್‌ಕುಮಾರ್‌ಗೆ ನಾಯಕಿ ಯಾರು?"

"ಪಂಡರಿಬಾಯಿ."

"1986. ಅನುರಾಗ ಅರಳಿತು. ರಾಜ್‌ಕುಮಾರ್‌ಗೆ ಅಮ್ಮ ಯಾರು?"

ಸೀನು ಬಾಯಿ ತೆರೆದ, ಮುಚ್ಚಿದ.

"ಪಂಡರಿಬಾಯಿ! ಇಬ್ಬರದೂ ಹೆಚ್ಚುಕಡಿಮೆ ಒಂದೇ ವಯಸ್ಸು. 32 ವರ್ಷದಲ್ಲಿ ಹೆಂಡತಿ ಹೋಗಿ ತಾಯಿ ಆದ್ರು. ಥಿಯೇಟರ್ ತುಂಬ ಜನ ಇದ್ರಲ್ಲ, ಒಬ್ಬನಾದ್ರೂ ಶಾಕ್ ಆದ್ನಾ?"

ಇಷ್ಟು ಹೊತ್ತು ಪೇಪರಿನ ಹಿಂದೆ ಇದ್ದ ರಾಯರು ಈಗ ಹೊರಬಂದರು. "ಅದಕ್ಕೇ ನಾನು ಹೇಳೋದು, ಗಾಯಕಿಯರೇ ಪುಣ್ಯವಂತರು. ಕಲ್ಪನಾ ಹೋದ್ರು, ಆರತಿ ಬಂದ್ರು, ಮಂಜುಳಾ ಬಂದ್ರು. ಹಿಂದುಗಡೆ ಜಾನಕಿ ಮಾತ್ರ ಹಾಗೇ. ಮಗುವಿನ ದನಿ ಬೇಕಾ, ಅದನ್ನೂ ಅವರೇ ಹಾಡ್ತಿದ್ರು. ದನಿಗೆಲ್ಲಿ ಬಾಣ ಹಾಕ್ತಾರೆ?"

"ಪುಣ್ಯ ಜಾಸ್ತಿ ಆಗೋಯ್ತು ರಾಯರೇ. ಹಾಡೋಕೆ ಶುರು ಮಾಡಿ 50 ವರ್ಷದ ಮೇಲಾದ್ಮೇಲೆ, 2013ರಲ್ಲಿ, ಪದ್ಮಭೂಷಣ ಬಂತು. ತಡವಾಯ್ತು, ನಂಗೆ ಬೇಡ ಅಂದ್ಬಿಟ್ರು. ಶಾಕ್ ಕೊಡೋದು ಅಂದ್ರೆ ಅದು! ವಾಣಿ ಜಯರಾಂಗೆ 2023ರ ಜನವರಿಯಲ್ಲಿ ಅದೇ ಪ್ರಶಸ್ತಿ ಅಂತ ಹೇಳಿದ್ರು. ಫೆಬ್ರವರಿ 4ಕ್ಕೆ ಅವರೇ ಇಲ್ಲ."

ಯಾರೂ ಮಾತಾಡಲಿಲ್ಲ. ನಾಣಿ ಸುಮ್ನೆ ಪರದೆ ಮೇಲೆ ಬೆರಳಾಡಿಸುತ್ತಿದ್ದ.

"ಕಲ್ಪನಾ ಅಂತ ಹೊಡೆದು ನೋಡು," ಎಂದರು ಸರಸಕ್ಕ.

ನಾಣಿ ನೋಡಿದ. ದೊಡ್ಡ ಬೊಟ್ಟು, ಉದ್ದ ತೋಳಿನ ರವಿಕೆ. ಕೆಳಗೆ ಎಳೆದ. ಮತ್ತೆ ಅದೇ ವಯಸ್ಸು, ಅದೇ ಕಣ್ಣು.

"ಬಲಗಡೆ ಫೋಟೋ ಸಿಕ್ತಾ?"

"ಇಲ್ಲ ಅಕ್ಕ."

"ಎಲ್ಲಿಂದ ಸಿಗುತ್ತೆ? 1979ಕ್ಕೇ ಹೋದ್ರು. ಮಂಜುಳಾ 1986ಕ್ಕೆ. ನರೆಗೂದಲಲ್ಲಿ ಇಬ್ಬರನ್ನೂ ಒಂದ್ಸಲ ನೋಡ್ಬೇಕಿತ್ತು ನಾನು. ಸುಕ್ಕು ಗಿಕ್ಕು ಎಲ್ಲ ಸೇರಿಸಿ."

ಮೊಬೈಲು ತಾನಾಗಿಯೇ ಮುಂದಿನ ವಿಡಿಯೋಗೆ ಹಾರಿತು. 'ಅದಕ್ಕೂ ಮುಂಚೆ...' ಎನ್ನುವಷ್ಟರಲ್ಲಿ ನಾಣಿ ಬಾಯಿ ಮುಚ್ಚಿಸಿದ.

ಆ ಸದ್ದಿಲ್ಲದ ಹೊತ್ತಿನಲ್ಲಿ ರಾಯರು ಕಣ್ಣು ಮುಚ್ಚಿ, ತೊಡೆ ತಟ್ಟುತ್ತಾ, ಜಾನಕಿಯ ಒಂದು ಹಾಡನ್ನು ಎತ್ತಿಕೊಂಡರು. ಪಲ್ಲವಿ ಹೇಗೋ ದಾಟಿತು. ಮೇಲಿನ ಸ್ವರಕ್ಕೆ ಹೋಗಿ ಅಲ್ಲೇ ಸಿಕ್ಕಿಕೊಂಡರು.

ಸರಸಕ್ಕ ಎದೆ ಹಿಡಿದುಕೊಂಡರು. "ಈಗ ನೋಡು ನಾಣಿ, ಶಾಕ್ ಆಯ್ತು."