ಅಪ್‌ಡೇಟ್: ತೊಗರಿ ಒಣಗಿದಾಗ ದೇವರು ಎಲ್ಲಿದ್ದಾನೆ ಅಂತ ಕೇಳಿದ್ದೆ

ನೆನಪಿದೆಯಾ? ಜೇವರ್ಗಿ ಕಡೆ ನಮ್ಮ ನಾಲ್ಕು ಎಕರೆ ತೊಗರಿ ನೆಟೆ ರೋಗಕ್ಕೆ ಒಣಗಿತ್ತು. ಅಪ್ಪ ಆಸ್ಪತ್ರೆಯಲ್ಲಿದ್ದರು. ದೇವರು ಜೊತೆಗಿದ್ದಾನೆ ಅಂತ ಹೇಗೆ ನಂಬಲಿ ಅಂತ ಕೇಳಿದ್ದೆ.

ಸಾಲ ತೀರಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಅಪ್ಪ ಮನೆಗೆ ಬಂದಿದ್ದಾರೆ, ಕೋಲು ಹಿಡಿದು ನಡೆಯುತ್ತಾರೆ.

ನಿಮ್ಮಲ್ಲಿ ಒಬ್ಬರು ಕಲಬುರಗಿಯ ಶರಣಬಸವೇಶ್ವರ ಗುಡಿಗೆ ಹೋಗಿ ಸುಮ್ನೆ ಕೂತು ಬಾ ಅಂದಿದ್ದರು. ಹೋದೆ. ಏನೂ ಬೇಡಲಿಲ್ಲ, ಸಿಟ್ಟೇ ಜಾಸ್ತಿ ಇತ್ತು. ಪಕ್ಕದಲ್ಲಿದ್ದ ಅಜ್ಜಿ ಕಥೆ ತೆಗೆದರು. ಶರಣರು ಹೊಲಕ್ಕೆ ಬಂದ ಹಕ್ಕಿಗಳನ್ನು ಓಡಿಸದೆ, ಕುಡಿಯಲು ನೀರಿಟ್ಟರಂತೆ. "ನಮ್ಮ ಹೊಲದಲ್ಲಿ ಹಕ್ಕಿಗೂ ಕಾಳಿಲ್ಲ ಅಜ್ಜಿ" ಅಂದೆ. ಆಕೆ ನಕ್ಕರು. ಬುತ್ತಿ ಬಿಚ್ಚಿ ಅರ್ಧ ಜೋಳದ ರೊಟ್ಟಿ, ಶೇಂಗಾ ಹಿಂಡಿ ಕೈಗಿಟ್ಟರು. ಅಳು ಬಂದುಬಿಟ್ಟಿತು.

ಮುಂದಿನ ವಾರ ನೆರೆಯವರು ಎರಡು ಚೀಲ ಜೋಳ ತಂದಿಟ್ಟರು. ನಾವು ಕೇಳಿರಲೇ ಇಲ್ಲ. ನಾನು ಇದನ್ನು ಪವಾಡ ಅನ್ನಲ್ಲ. ಅವ್ವ ಮಾತ್ರ ದೇವರೇ ಕಳಿಸಿದ ಅನ್ನುತ್ತಾಳೆ. ಮೊದಲಾಗಿದ್ದರೆ ವಾದ ಮಾಡುತ್ತಿದ್ದೆ. ಈಗ ಸಂಜೆ ಅವಳ ಜೊತೆ ದೀಪದ ಮುಂದೆ ಕೂರುತ್ತೇನೆ.

ಈ ಸಲ ಆ ಹೊಲಕ್ಕೆ ಜೋಳ. ನೆಟೆ ರೋಗದ ಶಿಲೀಂಧ್ರ ಮಣ್ಣಲ್ಲೇ ವರ್ಷಗಟ್ಟಲೆ ಉಳಿಯುತ್ತದೆ, ಬೆಳೆ ಬದಲಿಸು ಅಂದವರಿಗೂ ಥ್ಯಾಂಕ್ಸ್.