ಸೋಮವಾರ ಮೊದಲ ಕೀಮೋ, ಮನೆಯವರ ಮುಂದೆ ನಗೋದೇ ಕಷ್ಟ ಆಗಿದೆ

ಮುಗಿಲು:
ಸ್ತನದ ಕ್ಯಾನ್ಸರ್ ಅಂತ ಗೊತ್ತಾಗಿ ಮೂರು ವಾರ ಆಯಿತು. ಎರಡನೇ ಹಂತ ಅಂದಿದ್ದಾರೆ. ಮೊದಲು ಕೀಮೋ, ಆಮೇಲೆ ಆಪರೇಷನ್. ಬೆಳಿಗ್ಗೆ ಎದ್ದಾಗ ಎಲ್ಲ ಸರಿಹೋಗುತ್ತದೆ ಅನಿಸುತ್ತದೆ, ಸಂಜೆ ಹೊತ್ತಿಗೆ ಆ ಧೈರ್ಯ ಎಲ್ಲಿ ಹೋಗುತ್ತೋ ಗೊತ್ತಿಲ್ಲ. ಮನೆಯವರು ತುಂಬಾ ಒಳ್ಳೆಯವರು, ಕಷ್ಟ ಇರೋದೂ ಅಲ್ಲೇ. ಯಜಮಾನರು ರಜೆ ಹಾಕಿದ್ದಾರೆ, ಅಕ್ಕ ಬಂದು ಉಳಿದಿದ್ದಾಳೆ, ಒಂಬತ್ತನೇ ಕ್ಲಾಸಿನ ಮಗಳು ಒಂದು ಲೋಟ ಎತ್ತೋಕೂ ಬಿಡಲ್ಲ. ಎಲ್ಲರದ್ದೂ ಒಂದೇ ಮಾತು, "ಧೈರ್ಯವಾಗಿರು, ಪಾಸಿಟಿವ್ ಆಗಿರು." ನಾನು ಹೂಂ ಅಂತ ತಲೆ ಆಡಿಸಿ, ಬಚ್ಚಲಿಗೆ ಹೋಗಿ, ನಲ್ಲಿ ಬಿಟ್ಟುಕೊಂಡು ಅಳುತ್ತೇನೆ. ಮೊನ್ನೆ ಹೊರಗೆ ಬಂದರೆ ಬಾಗಿಲ ಪಕ್ಕ ಯಜಮಾನರು ಟವೆಲ್ ಹಿಡಿದು ನಿಂತಿದ್ದರು. ಅವರ ಕಣ್ಣೂ ಕೆಂಪಗಿತ್ತು. ಇಬ್ಬರೂ ಏನೂ ಮಾತಾಡಲಿಲ್ಲ. ಹೀಗೆ ಹೆದರಿಕೊಂಡೇ ಇದ್ದರೆ ಔಷಧಿ ಸರಿಯಾಗಿ ಕೆಲಸ ಮಾಡಲ್ವಾ ಅನ್ನೋ ಭಯ ಬೇರೆ. ಅನುಭವ ಇದ್ದವರು ಹೇಳಿ.

ಎರಡನೇ ಇನ್ನಿಂಗ್ಸ್:
ಕೊನೆಯ ಪ್ರಶ್ನೆಗೆ ಮೊದಲು ಉತ್ತರ. ಅತ್ತರೆ ಔಷಧಿಯ ಶಕ್ತಿ ಕಡಿಮೆ ಆಗಲ್ಲ. ಬೇಗ ಬೇಗ ಬೆಳೆಯುವ ಜೀವಕೋಶಗಳಿಗೆ ಕೀಮೋ ಹೊಡೆಯುತ್ತದೆ, ನಿಮ್ಮ ಮೂಡ್ ಹೇಗಿದೆ ಅಂತ ವಿಚಾರಿಸಿಕೊಂಡು ಬರಲ್ಲ. ಕೂದಲು ಉದುರೋದು, ಬಾಯಿ ಹುಣ್ಣಾಗೋದು ಕೂಡ ಅದಕ್ಕೇ, ಅಲ್ಲಿನ ಜೀವಕೋಶಗಳೂ ಬೇಗ ಬೆಳೆಯುವಂಥವು. "ಪಾಸಿಟಿವ್ ಆಗಿದ್ದರೆ ಗೆಲ್ತೀಯ" ಅನ್ನೋ ಮಾತಿಗೆ ನನಗೆ ಈಗಲೂ ಸಿಟ್ಟು ಬರುತ್ತದೆ, ವಾಸಿಯಾಗದಿದ್ದರೆ ತಪ್ಪು ನಮ್ಮದೇ ಅಂದ ಹಾಗೆ ಅಲ್ವಾ?

ನನಗೆ ಕೊಟ್ಟಿದ್ದರಲ್ಲಿ ಒಂದು ಕೆಂಪು ಔಷಧಿ, ಡಾಕ್ಸೊರುಬಿಸಿನ್. ಅದಾದ ಒಂದೆರಡು ದಿನ ಮೂತ್ರ ಕೆಂಪಗೆ ಹೋಗುತ್ತದೆ. ನನಗೆ ಗೊತ್ತಿರಲಿಲ್ಲ, ರಕ್ತ ಅಂದುಕೊಂಡು ಕಿರುಚಿದ್ದೆ, ಪಾಪ ನಮ್ಮಮ್ಮ ಬಿದ್ದು ಎದ್ದು ಓಡಿ ಬಂದರು. ನಿಮಗೂ ಅದೇನಾ ಅಂತ ಮೊದಲೇ ಕೇಳಿಕೊಳ್ಳಿ. ಎರಡನೇ ವಾರ ಕಳೆದ ಮೇಲೆ ದಿಂಬಿನ ತುಂಬ ಕೂದಲು. ತಮ್ಮ ಟ್ರಿಮ್ಮರ್ ತಂದು ತಲೆ ಬೋಳಿಸಿದ, ಕಿವಿ ಹಿಂದೆ ಒಂದು ಕುಚ್ಚು ಬಿಟ್ಟೇಬಿಟ್ಟಿದ್ದ. ಕನ್ನಡಿಯಲ್ಲಿ ಅದನ್ನು ನೋಡಿ ಇಬ್ಬರೂ ನಕ್ಕಿದ್ದೇ ನಕ್ಕಿದ್ದು. ಅವತ್ತು ನನಗೆ ಯಾರೂ ಧೈರ್ಯ ಹೇಳಿರಲಿಲ್ಲ.

ಪಕ್ಕದ ಕುರ್ಚಿ:
ನಾನು ಟವೆಲ್ ಹಿಡಿದು ನಿಂತವರ ಕಡೆಯವನು ಮೇಡಂ. ನಿಮ್ಮ ಯಜಮಾನರಿಗೆ ಏನಾದರೂ ಕೆಲಸ ಕೊಡಿ. ಸುಮ್ನೆ ನಿಂತರೆ ತಲೆ ಕೆಡುತ್ತದೆ. ಹೆಂಡತಿಗೆ ಕೀಮೋ ಆಗುವಾಗ ನನ್ನ ಪಾಲಿಗೆ ಬಂದದ್ದು ಒಂದು ನೋಟ್‌ಬುಕ್. ಯಾವ ದಿನ ವಾಂತಿ, ಯಾವ ಮಾತ್ರೆ, ಜ್ವರ ಎಷ್ಟು, ಡಾಕ್ಟರಿಗೆ ಏನು ಕೇಳಬೇಕು, ಎಲ್ಲ ಅದರಲ್ಲಿ. ಕೀಮೋದ ಎರಡು ಸುತ್ತು ಮುಗಿಯೋ ಹೊತ್ತಿಗೆ ಒಂದು ಲೆಕ್ಕ ಸಿಕ್ಕಿತು. ಅವಳು ಮೂರನೇ, ನಾಲ್ಕನೇ ದಿನ ಮಲಗಿದಲ್ಲೇ, ಏಳನೇ ದಿನಕ್ಕೆ ಎದ್ದು ಕೂರುತ್ತಾಳೆ. ಮುಂದಿನ ಸಲ "ಇನ್ನು ನನ್ನ ಕೈಲಿ ಆಗಲ್ಲ" ಅಂತ ಅತ್ತಾಗ ಹಳೇ ಪುಟ ತೆಗೆದು ತೋರಿಸಿದೆ, "ಇವತ್ತು ನಾಲ್ಕನೇ ದಿನ ಕಣೇ." ಅವಳು ಬೆರಳಿಟ್ಟು ಏಳನೇ ದಿನದವರೆಗೆ ಓದಿದಳು. ಇನ್ನೊಂದು, ನೆಂಟರ ಫೋನಿಗೆಲ್ಲ ಉತ್ತರ ಕೊಡೋದು ಅವಳ ತಂಗಿಯ ಕೆಲಸ ಅಂತ ಮಾಡಿದೆವು. ಅರ್ಧ ಆಯಾಸ ಅದರಲ್ಲೇ ಹೋಯಿತು.

ವಾರ್ಡ್ ಸಿಸ್ಟರ್:
ನೋಟ್‌ಬುಕ್ ಜೊತೆ ಒಂದು ಥರ್ಮಾಮೀಟರ್ ಇರಲೇಬೇಕು. ಕೀಮೋ ಆದ 7ರಿಂದ 14ನೇ ದಿನದ ಹೊತ್ತಿಗೆ ಸಾಮಾನ್ಯವಾಗಿ ಸೋಂಕು ತಡೆಯೋ ಬಿಳಿ ರಕ್ತಕಣ ತುಂಬಾ ಇಳಿದಿರುತ್ತದೆ. ಜ್ವರ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದರೆ ರಾತ್ರಿ ಎರಡು ಗಂಟೆ ಆದರೂ ಆಸ್ಪತ್ರೆಗೆ ಫೋನ್ ಮಾಡಿ. ಬೆಳಿಗ್ಗೆ ನೋಡೋಣ ಅನ್ನಬೇಡಿ, ಕೇಳದೆ ಪ್ಯಾರಾಸಿಟಮಾಲ್ ನುಂಗಬೇಡಿ. ವಾಂತಿ ತಡೆಯೋ ಮಾತ್ರೆಯನ್ನು ಹೇಳಿದ ಹೊತ್ತಿಗೆ ತೆಗೆದುಕೊಳ್ಳಿ, ವಾಂತಿ ಬರಲಿ ಅಂತ ಕಾಯಬೇಡಿ. ಸ್ಟಿರಾಯ್ಡ್ ಕೊಟ್ಟಿದ್ದರೆ ಕೆಲವರಿಗೆ ಆ ರಾತ್ರಿ ನಿದ್ದೆ ಬರಲ್ಲ, ಮನಸ್ಸು ಎಲ್ಲೆಲ್ಲೋ ಓಡುತ್ತದೆ, ಅದರಲ್ಲಿ ಮಾತ್ರೆಯ ಪಾಲೂ ಇದೆ. ವಾರಗಟ್ಟಲೆ ಅಳು ನಿಲ್ಲದಿದ್ದರೆ ಡಾಕ್ಟರಿಗೆ ಹೇಳಿ, ಅದಕ್ಕೂ ಚಿಕಿತ್ಸೆ ಇದೆ.

ಮುಗಿಲು:
ನಿನ್ನೆ ರಾತ್ರಿ ಇದನ್ನೆಲ್ಲ ಯಜಮಾನರಿಗೆ ಓದಿ ಹೇಳಿದೆ. ಟವೆಲ್ ಮಾತು ಬಂದಾಗ ಇಬ್ಬರೂ ಅತ್ತೆವು, ಹಾಲ್‌ನಲ್ಲೇ ಕೂತು. ನೋಟ್‌ಬುಕ್ ಅವರಿಗೆ ಸಿಗಲಿಲ್ಲ, ಮಗಳು ಕಿತ್ತುಕೊಂಡು ಆಗಲೇ ಗೀಟು ಹಾಕಿ ಮನೆ ಮಾಡಿದ್ದಾಳೆ. ಅವರಿಗೆ ಥರ್ಮಾಮೀಟರ್ ಕೊಟ್ಟಿದ್ದೇನೆ, ನಿನ್ನೆಯಿಂದ ನಾಲ್ಕು ಸಲ ಜ್ವರ ನೋಡಿಯಾಯಿತು, ಇನ್ನೂ ಕೀಮೋ ಶುರುವೇ ಆಗಿಲ್ಲ! ಅಂದ ಹಾಗೆ, ಎರಡನೇ ಸಲದಿಂದ ಪೋರ್ಟ್ ಹಾಕೋಣ ಅಂದಿದ್ದಾರೆ, ಔಷಧಿ ಕೊಡೋಕೆ ಚರ್ಮದ ಕೆಳಗೆ ಕೂರಿಸೋ ಸಣ್ಣ ಸಾಧನ ಅದು. ಹಾಕಿಸಿಕೊಂಡವರು ಯಾರಾದರೂ ಇದ್ದೀರಾ, ಆ ಕಡೆಗೆ ತಿರುಗಿ ಮಲಗೋಕೆ ಆಗುತ್ತಾ?