ಬ್ಯಾಕ್‌ಗ್ರೌಂಡ್ ಕೆಲಸಗಳಿಗೆ ಒಂದೇ ಐಡಿ ಬರ್ತಿದೆ, ಯಾಕೆ?

ಪ್ರಶ್ನೆ:
ಲಿನಕ್ಸ್‌ನಲ್ಲಿ ಒಂದು ಬ್ಯಾಶ್ ಸ್ಕ್ರಿಪ್ಟ್ ಇದೆ. ಲೂಪ್ ಒಳಗೆ ಬ್ರಾಕೆಟ್ ಹಾಕಿ, ಕೊನೆಗೆ & ಕೊಟ್ಟು ಹಲವು ಕೆಲಸಗಳನ್ನು ಒಟ್ಟಿಗೆ ಓಡಿಸುತ್ತೇನೆ. ಔಟ್‌ಪುಟ್ ಫೈಲಿನ ಹೆಸರಿಗೆ ಆ ಹೊತ್ತಿನ ಸೆಕೆಂಡು ಮತ್ತು $$ (ಪ್ರೊಸೆಸ್ ಐಡಿ, ಅಂದರೆ ಓಡುತ್ತಿರುವ ಪ್ರೋಗ್ರಾಮಿನ ನಂಬರು) ಸೇರಿಸುತ್ತೇನೆ. ಪ್ರೊಸೆಸ್ ಐಡಿ ಬೇರೆ ಬೇರೆ ಇರಬೇಕಲ್ವಾ? ಆದರೂ ಒಂದು ಫೈಲಿನ ಮೇಲೆ ಇನ್ನೊಂದು ಬರೆದುಕೊಳ್ಳುತ್ತಿದೆ. $ರ್‍ಯಾಂಡಮ್ ಕೂಡ ಸೇರಿಸಿದೆ. ತೊಂದರೆ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ.

ಉತ್ತರ:
ತೊಡಕು $$ ನಲ್ಲೇ ಇದೆ. ಬ್ರಾಕೆಟ್ ಒಳಗಿನ ಸಬ್‌ಶೆಲ್‌ನಲ್ಲೂ (ಮೂಲ ಶೆಲ್‌ನಿಂದ ಕವಲೊಡೆದ ಪ್ರತಿ) ಅದು ಮೂಲ ಶೆಲ್‌ನ ನಂಬರನ್ನೇ ಕೊಡುತ್ತದೆ. ಬ್ರಾಕೆಟ್ ಹೊರಗೊಮ್ಮೆ, ಒಳಗೊಮ್ಮೆ $$ ಮತ್ತು $ಬ್ಯಾಶ್‌ಪಿಐಡಿ (ಆಗ ಓಡುತ್ತಿರುವ ಬ್ಯಾಶ್‌ನದೇ ಐಡಿ) ಎರಡನ್ನೂ ಎಕೋ ಮಾಡಿ ನೋಡಿ. ಮೊದಲನೆಯದು ಅಲುಗಾಡುವುದಿಲ್ಲ, ಎರಡನೆಯದು ಬದಲಾಗುತ್ತದೆ. ಹಾಗಂತ ಬ್ಯಾಶ್‌ಪಿಐಡಿಯನ್ನೂ ನಂಬಿ ಕೂರಬೇಡಿ. ಮುಗಿದ ಪ್ರೊಸೆಸ್‌ನ ನಂಬರನ್ನು ಕರ್ನಲ್ ಮುಂದೆ ಇನ್ನೊಂದಕ್ಕೆ ಕೊಡುತ್ತದೆ.

$ರ್‍ಯಾಂಡಮ್ ಕೊಡುವುದು 0ಯಿಂದ 32767ರವರೆಗಿನ ಸಂಖ್ಯೆ ಅಷ್ಟೇ. ಒಂದೇ ಸೆಕೆಂಡಿನಲ್ಲಿ ಸುಮಾರು 213 ಕೆಲಸ ಶುರುವಾದರೆ, ಯಾವುದಾದರೂ ಎರಡಕ್ಕೆ ಒಂದೇ ಸಂಖ್ಯೆ ಬೀಳುವ ಸಾಧ್ಯತೆ ಅರ್ಧಕ್ಕರ್ಧ.

ಇದೆಲ್ಲ ಬಿಟ್ಟು ಸುಮ್ನೆ 'ಯುಯುಐಡಿಜೆನ್ -ಆರ್' ಬಳಸಿ. ಅದು ಯುಯುಐಡಿ ಎಂಬ, ಬಹುತೇಕ ಮತ್ತೆ ಬರದಂಥ ಉದ್ದದ ಗುರುತು ಕೊಡುತ್ತದೆ. ಬರುವ 128 ಬಿಟ್‌ಗಳಲ್ಲಿ 122 ರ್‍ಯಾಂಡಮ್. ಡಿಕ್ಕಿಯ ಚಿಂತೆಯೇ ಬೇಡ.

ಮರುಪ್ರಶ್ನೆ:
ಥ್ಯಾಂಕ್ಸ್! ನಮ್ಮ ಕಂಟೇನರ್‌ನಲ್ಲಿ ಆ ಕಮಾಂಡ್ ಇಲ್ಲ. ಕೆಲವರು ಇದೇ ಸ್ಕ್ರಿಪ್ಟನ್ನು ಮ್ಯಾಕ್‌ನಲ್ಲೂ ಓಡಿಸುತ್ತಾರೆ. ಹೆಸರುಗಳು ಸಮಯದ ಕ್ರಮದಲ್ಲಿ ಬಂದರೆ ಇನ್ನೂ ಒಳ್ಳೆಯದು.

ಉತ್ತರ:
ಲಿನಕ್ಸ್ ಆದರೆ '/ಪ್ರಾಕ್/ಸಿಸ್/ಕರ್ನಲ್/ರ್‍ಯಾಂಡಮ್/ಯುಯುಐಡಿ' ಫೈಲನ್ನು ಕ್ಯಾಟ್ ಮಾಡಿ. ಓದಿದಾಗಲೆಲ್ಲ ಹೊಸತು ಬರುತ್ತದೆ, ಯಾವ ಪ್ಯಾಕೇಜೂ ಬೇಡ. ಮ್ಯಾಕ್‌ನಲ್ಲಿ ಯುಯುಐಡಿಜೆನ್ ಇದೆ, ಆದರೆ ಅಕ್ಷರಗಳು ದೊಡ್ಡವು. ಲಿನಕ್ಸ್‌ನಲ್ಲಿ ಚಿಕ್ಕವು. ಹೋಲಿಸುವ ಮೊದಲು 'ಟಿಆರ್' (ಅಕ್ಷರ ಬದಲಿಸುವ ಕಮಾಂಡ್) ಹಾಕಿ ಒಂದೇ ಥರ ಮಾಡಿಕೊಳ್ಳಿ.

ಸಮಯದ ಕ್ರಮ ಬೇಕಿದ್ದರೆ 7ನೇ ಆವೃತ್ತಿಯ ಯುಯುಐಡಿ ನೋಡಿ. 2024ರ ಆರ್‌ಎಫ್‌ಸಿ 9562 ಎಂಬ ಇಂಟರ್‌ನೆಟ್ ಮಾನದಂಡದ ದಾಖಲೆಯಲ್ಲಿ ಬಂತು. ಮೊದಲ 48 ಬಿಟ್ ಮಿಲಿಸೆಕೆಂಡಿನ ಲೆಕ್ಕದ ಸಮಯ.

ಆದರೆ ನಿಮಗೆ ಬೇಕಿರುವುದು ಒಂದೇ ಯಂತ್ರದಲ್ಲಿ ಹೊಸ ಫೈಲ್ ಮಾತ್ರ ಅಂದರೆ, ಐಡಿಗಿಂತ ತಾತ್ಕಾಲಿಕ ಫೈಲ್ ಮಾಡುವ 'ಎಂಕೆಟೆಂಪ್' ಕಮಾಂಡ್ ವಾಸಿ. ಹೆಸರಿನ ಮುಂದೆ ಸಮಯ ಹಾಕಿ, ಕೊನೆಗೆ ಆರು ದೊಡ್ಡ ಎಕ್ಸ್ ಅಕ್ಷರ ಕೊಡಿ. ಅದು ಹೆಸರನ್ನಷ್ಟೇ ಹೇಳುವುದಿಲ್ಲ, ಫೈಲನ್ನೂ ಅದೇ ಹೆಜ್ಜೆಯಲ್ಲಿ ತೆರೆಯುತ್ತದೆ. ಆ ಹೆಸರು ಆಗಲೇ ಇದ್ದರೆ ಬೇರೆ ಹೆಸರಿಗೆ ಹೋಗುತ್ತದೆ. ಎರಡು ಕೆಲಸ ಒಂದೇ ಕ್ಷಣದಲ್ಲಿ ಕೇಳಿದರೂ ಒಂದರದ್ದು ಇನ್ನೊಂದಕ್ಕೆ ಸಿಗುವುದಿಲ್ಲ.